ಮಲಾವಿಯ ಹಳ್ಳಿ ಶಾಲೆಗೊಂದು ಹೆಣ್ಣುಮಕ್ಕಳ ಹಾಸ್ಟೆಲ್: ಪಾಯದಿಂದ ಬೀಗದ ಕೈವರೆಗೆ

ಆಗ್ನೇಯ ಆಫ್ರಿಕದ ಮಲಾವಿಯಲ್ಲಿ ಪ್ರಾಥಮಿಕ ಶಾಲೆ 1994ರಿಂದ ಉಚಿತ. ತೊಡಕು ಶುರುವಾಗುವುದು ಅದರ ನಂತರ. ಹಳ್ಳಿಗಾಡಿನ ಹೆಚ್ಚಿನ ಮಕ್ಕಳಿಗೆ ಸಿಗುವುದು ಕಮ್ಯುನಿಟಿ ಡೇ ಸೆಕೆಂಡರಿ ಸ್ಕೂಲ್, ಅಂದರೆ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಹೈಸ್ಕೂಲು. ಮನೆ ಹತ್ತು ಹನ್ನೆರಡು ಕಿಲೋಮೀಟರ್ ದೂರವಿದ್ದರೆ ದಿನಾ ನಡೆಯುವುದು ಆಗದ ಮಾತು. ಆಗ ಹುಡುಗಿಯರು ಶಾಲೆಯ ಹತ್ತಿರದ ಪೇಟೆಯಲ್ಲಿ ಕೋಣೆ ಹಿಡಿದು, ತಾವೇ ಬೇಯಿಸಿಕೊಂಡು ಓದುತ್ತಾರೆ. ಇದನ್ನು ಅಲ್ಲಿ 'ಸೆಲ್ಫ್ ಬೋರ್ಡಿಂಗ್' ಅನ್ನುತ್ತಾರೆ. ಹದಿನೈದರ ಹುಡುಗಿ, ನೆಟ್ಟಗೆ ಚಿಲಕ ಕೂರದ ಬಾಗಿಲು, ಎದುರಿಗೇ ಹೆಂಡದಂಗಡಿ. ಓದು ನಿಲ್ಲುವುದು ಯಾಕೆ ಎಂದು ಬೇರೆ ಹೇಳಬೇಕಿಲ್ಲ.

ಇಂಥ ಶಾಲೆಯೊಂದಕ್ಕೆ 40 ಹುಡುಗಿಯರ ಹಾಸ್ಟೆಲ್ ಕಟ್ಟಿಕೊಡಲು ಹೊರಟ, ಸಂಬಳದ ಸಿಬ್ಬಂದಿ ಇಲ್ಲದ ಸಣ್ಣ ಸೇವಾ ಸಂಸ್ಥೆಗಾಗಿ ಈ ಬರಹ. ಅಳತೆಗಳೆಲ್ಲ 40 ಮಂದಿಯ ಲೆಕ್ಕದವು. ಕಟ್ಟಡ ಇದರಲ್ಲಿ ಸುಲಭದ ಅರ್ಧ. ಕಷ್ಟದ ಅರ್ಧವೆಂದರೆ ರಾತ್ರಿ ಆ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಅವರಿಗೆ ಸಂಬಳ ಕೊಡುವವರು ಯಾರು ಎಂಬುದು. ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಗುದ್ದಲಿ ಹಿಡಿಯುವ ಮುನ್ನ

ಮೊದಲು ಮುಖ್ಯೋಪಾಧ್ಯಾಯರನ್ನು, ಆಮೇಲೆ ಶಾಲೆಯ ಪೋಷಕರ ಸಮಿತಿಯನ್ನು, ನಂತರ ಊರಿನ ಮುಖ್ಯಸ್ಥರನ್ನು ಕಾಣಬೇಕು. ಮುಖ್ಯಸ್ಥರಲ್ಲಿ ಮೂರು ಮೆಟ್ಟಿಲು: ಹಳ್ಳಿಯ ಮುಖ್ಯಸ್ಥ, ಹಲವು ಹಳ್ಳಿಗಳ ಗುಂಪಿನ ಮುಖ್ಯಸ್ಥ, ಅವರ ಮೇಲೆ 'ಟ್ರೆಡಿಷನಲ್ ಅಥಾರಿಟಿ' ಅಂದರೆ ಸೀಮೆಯ ದೊಡ್ಡ ಮುಖ್ಯಸ್ಥ. ಕೆಳಗಿನವರನ್ನು ಬಿಟ್ಟು ನೇರ ಮೇಲಕ್ಕೆ ಹೋದರೆ ಯಾರೂ ಬೈಯುವುದಿಲ್ಲ, ಆದರೆ ಮರಳು ಹೊರಲು ಮಾತ್ರ ಯಾರೂ ಬರುವುದಿಲ್ಲ. ಶಾಲೆಯ 'ಮದರ್ ಗ್ರೂಪ್' ಅನ್ನು ಬೇರೆಯಾಗಿ ಕೂರಿಸಿ ಮಾತಾಡಿ. ಹುಡುಗಿಯರು ಶಾಲೆ ಬಿಡದಂತೆ ನೋಡಿಕೊಳ್ಳುವ ತಾಯಂದಿರ ಗುಂಪು ಇದು. ಗಂಡಸರ ಸಭೆಯಲ್ಲಿ ಬಾರದ ವಿಷಯಗಳೆಲ್ಲ ಇಲ್ಲಿ ಬರುತ್ತವೆ: ಕಕ್ಕಸು ಎಲ್ಲಿರಬೇಕು, ಯಾವ ದಾರಿ ಕತ್ತಲೆ, ಯಾವ ಮೇಷ್ಟ್ರ ಮನೆ ಹತ್ತಿರ ಬೇಡ.

ಜಾಗ ಶಾಲೆಯ ಗಡಿಯೊಳಗೇ ಇರಲಿ. ಮಲಾವಿಯ ಹಳ್ಳಿಗಳಲ್ಲಿ ಹೆಚ್ಚಿನ ನೆಲ ಸಮುದಾಯದ ಸಾಂಪ್ರದಾಯಿಕ ಹಕ್ಕಿನದು. 'ಇದು ಶಾಲೆಯದೇ' ಎಂದು ಎಲ್ಲರೂ ಅಂದರೂ ಕಾಗದದಲ್ಲಿ ಗಡಿ ಇರುವುದಿಲ್ಲ. ಮೂಲೆ ಕಲ್ಲು ನೆಟ್ಟು, ಅಕ್ಕಪಕ್ಕದ ಹೊಲದವರನ್ನು ನಿಲ್ಲಿಸಿ, ಮುಖ್ಯಸ್ಥರ ಸಹಿ ಮತ್ತು ಮೊಹರು ಇರುವ ಪತ್ರ ಬರೆಸಿಕೊಳ್ಳಿ. ಜಿಲ್ಲಾ ಕೌನ್ಸಿಲ್ ಮತ್ತು ಶಿಕ್ಷಣ ವಿಭಾಗದ ಕಚೇರಿಯ ಒಪ್ಪಿಗೆ ಬರಹದಲ್ಲೇ ಬೇಕು.

ಒಪ್ಪಂದದಲ್ಲಿ ತಪ್ಪದೆ ಇರಬೇಕಾದ ಸಾಲು ಮೇಟ್ರನ್, ಅಂದರೆ ಹುಡುಗಿಯರ ಜೊತೆ ತಂಗಿ ನೋಡಿಕೊಳ್ಳುವ ಮೇಲ್ವಿಚಾರಕಿಯ ಸಂಬಳದ್ದು. ಡೇ ಸ್ಕೂಲಿಗೆ ಸರ್ಕಾರ ಮೇಟ್ರನ್ ಹುದ್ದೆ ಕೊಟ್ಟೀತು ಎಂದು ನಂಬಿ ಕೂರಬೇಡಿ. ಮೊದಲ ಮೂರು ವರ್ಷ ಸಂಸ್ಥೆ, ಆಮೇಲೆ ಹಾಸ್ಟೆಲ್ ಶುಲ್ಕದಿಂದ ಎಂದಾದರೆ ಹಾಗೆಂದೇ ಬರೆಯಿರಿ. ಶುಲ್ಕ ಎಷ್ಟಾದರೆ ಸಂಬಳ ಹುಟ್ಟುತ್ತದೆ ಎಂದು ಪೋಷಕರ ಎದುರಿಗೇ ಲೆಕ್ಕ ಹಾಕಿ ತೋರಿಸಿ. ಆ ಶುಲ್ಕ ಪೇಟೆಯ ಕೋಣೆ ಬಾಡಿಗೆಗಿಂತ ಜಾಸ್ತಿಯಾದರೆ ಹುಡುಗಿಯರು ಕೋಣೆಯಲ್ಲೇ ಉಳಿಯುತ್ತಾರೆ, ನಿಮ್ಮ ಹಾಸ್ಟೆಲ್ ಮೆಕ್ಕೆಜೋಳದ ಉಗ್ರಾಣವಾಗುತ್ತದೆ. ಈ ಲೆಕ್ಕ ಕೂಡಿ ಬರದಿದ್ದರೆ ಕಟ್ಟಲೇಬೇಡಿ. ಅದೇ ದುಡ್ಡಲ್ಲಿ ಸೈಕಲ್ ಕೊಡಿಸಿ.

ಹಣದ ವಿಷಯ, ಚುಟುಕಾಗಿ

ಮಲಾವಿಯಲ್ಲಿ ಹೊರಗಿನ ಸಂಸ್ಥೆ ತನ್ನ ಹೆಸರಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿನ ಎನ್‌ಜಿಒ ನಿಯಂತ್ರಣ ಪ್ರಾಧಿಕಾರದ ನೋಂದಣಿ ಬೇಕು. ಒಂದೇ ಹಾಸ್ಟೆಲ್ ಕಟ್ಟುವವರು ಈಗಾಗಲೇ ನೋಂದಾಯಿತ ಸ್ಥಳೀಯ ಸಂಸ್ಥೆಯೊಂದಿಗೆ ಕೈಜೋಡಿಸುವುದೇ ಮೇಲು.

ಕನ್ನಡಿಗರು ಸೇರಿ ಹಣ ಕೂಡಿಸುವುದಾದರೆ ಎಲ್ಲಿಂದ ಕಳಿಸುತ್ತೀರಿ ಎಂಬುದು ಮುಖ್ಯ. ಭಾರತದ ಟ್ರಸ್ಟ್ ಹೊರದೇಶದಲ್ಲಿ ಮಾಡುವ ಖರ್ಚಿಗೆ ಕೇಂದ್ರ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಇಲ್ಲದೆ ಆದಾಯ ತೆರಿಗೆ ವಿನಾಯಿತಿ ಇಲ್ಲ. ಇದು ತಿಳಿಯದೆ ಊರಿನ ಟ್ರಸ್ಟ್ ಮೂಲಕ ಕಳಿಸಿದವರು ಆಮೇಲೆ ಲೆಕ್ಕಪರಿಶೋಧಕರ ಮುಂದೆ ತಲೆ ಕೆರೆದುಕೊಳ್ಳುತ್ತಾರೆ. ಇಂಗ್ಲೆಂಡ್‌ನಲ್ಲಿರುವವರು ಸಂಸ್ಥೆಯ ವರಮಾನ ವರ್ಷಕ್ಕೆ 5,000 ಪೌಂಡ್ ದಾಟಿದರೆ ಚಾರಿಟಿ ಕಮಿಷನ್‌ನಲ್ಲಿ ನೋಂದಾಯಿಸಬೇಕು. ಅಲ್ಲಿ ತೆರಿಗೆ ಕಟ್ಟುವ ದಾನಿಯ ಪ್ರತಿ ಪೌಂಡಿಗೆ ಗಿಫ್ಟ್ ಏಡ್‌ನಿಂದ 25 ಪೆನ್ಸ್ ಸೇರುತ್ತದೆ.

ಮಲಾವಿಯ ನಾಣ್ಯ ಕ್ವಾಚ. 2022ರ ಮೇ ತಿಂಗಳಲ್ಲಿ ಶೇ. 25, 2023ರ ನವೆಂಬರ್‌ನಲ್ಲಿ ಶೇ. 44 ಅಪಮೌಲ್ಯವಾಯಿತು. ಆದ್ದರಿಂದ ಪೂರ್ತಿ ಹಣ ಒಮ್ಮೆಗೇ ಕ್ವಾಚ ಮಾಡಬೇಡಿ. ಹಂತ ಹಂತವಾಗಿ ಕಳಿಸಿ. ಬೆಲೆ ಏರುವ ಮೊದಲು ತಗಡು ಮತ್ತು ಸರಳು ಕೊಂಡಿಟ್ಟರೆ ಲಾಭ, ಸಿಮೆಂಟ್ ಕೊಂಡಿಟ್ಟರೆ ನಷ್ಟ: ಮೂರು ತಿಂಗಳು ಕೂತ ಸಿಮೆಂಟು ಕಸುವು ಕಳೆದುಕೊಳ್ಳುತ್ತದೆ, ಮೂಟೆಯ ಮೂಲೆ ಗಂಟು ಕಟ್ಟಿದರಂತೂ ಅದು ಗೋಡೆಗಲ್ಲ.

ಮೇಸ್ತ್ರಿಗೆ ಕೂಲಿ ಗುತ್ತಿಗೆ ಮಾತ್ರ ಕೊಡಿ, ಸಾಮಾನು ನೀವೇ ಕೊಳ್ಳಿ. ಪಾಯಕ್ಕೆ ಶೇ. 20, ರಿಂಗ್ ಬೀಮ್ (ಗೋಡೆಗಳನ್ನೆಲ್ಲ ಸುತ್ತುವ ಕಾಂಕ್ರೀಟ್ ಪಟ್ಟಿ) ವರೆಗಿನ ಗೋಡೆಗೆ 30, ಸೂರಿಗೆ 25, ಉಳಿದ ಕೆಲಸಕ್ಕೆ 15. ಕೊನೆಯ 10 ಒಂದು ಮಳೆಗಾಲ ಕಳೆದು, ಸೋರಿದ್ದನ್ನೆಲ್ಲ ಸರಿಪಡಿಸಿದ ಮೇಲೆ.

ಕಾಲ ನೋಡಿ ಕೆಲಸ

ಮಳೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಕಟ್ಟುವ ಕಾಲ ಮೇಯಿಂದ ಅಕ್ಟೋಬರ್. ಮೆಕ್ಕೆಜೋಳದ ಕೊಯ್ಲು ಮುಗಿದು ಊರವರ ಕೈ ಖಾಲಿ ಇರುವುದೂ ಆಗಲೇ. ಮೇ-ಜೂನ್ ಇಟ್ಟಿಗೆ, ಜೂನ್ ಕೊನೆಗೆ ಪಾಯ, ಜುಲೈ-ಆಗಸ್ಟ್ ಗೋಡೆ, ಸೆಪ್ಟೆಂಬರ್‌ನಲ್ಲಿ ಸೂರು. ಅಕ್ಟೋಬರ್ ಕೊನೆಗೆ ತಗಡು ಕೂತಿರಲೇಬೇಕು. ಮೊದಲ ಮಳೆ ಬಿದ್ದ ಮರುದಿನ ನಿಮ್ಮ ಕೂಲಿಗಳೆಲ್ಲ ಬಿತ್ತನೆಗೆ ಹೋಗುತ್ತಾರೆ. ಅವರನ್ನು ದೂರಿ ಫಲವಿಲ್ಲ, ವರ್ಷದ ಅನ್ನ ಅದು.

ಶಾಲೆಯ ವರ್ಷ ಸೆಪ್ಟೆಂಬರ್ ಹೊತ್ತಿಗೆ ಶುರು. ಅದೇ ವರ್ಷ ತೆರೆಯುವ ಆಸೆಗೆ ಗೋಡೆ ಒಣಗುವ ಮೊದಲೇ ಮಂಚ ಹಾಕುವವರಿದ್ದಾರೆ. ಮುಂದಿನ ಸೆಪ್ಟೆಂಬರ್‌ಗೆ ತೆರೆಯಿರಿ. ನಡುವಿನ ಮಳೆಗಾಲ ಕಟ್ಟಡವನ್ನು ಪರೀಕ್ಷಿಸುತ್ತದೆ. ಮೇಟ್ರನ್ ಹುಡುಕಲೂ ಸಮಯ ಸಿಗುತ್ತದೆ.

ನಕ್ಷೆ: ಮಂಚದಿಂದ ಕೋಣೆ, ಕೋಣೆಯಿಂದ ಬಾಗಿಲು

ನಕ್ಷೆ ಬರೆಯುವ ಮೊದಲು ಎರಡು ಬೆಂಕಿ ಅನಾಹುತ ನೆನಪಿಟ್ಟುಕೊಳ್ಳಿ. 2001ರ ಮಾರ್ಚ್‌ನಲ್ಲಿ ಕೀನ್ಯಾದ ಮಚಾಕೋಸ್ ಬಳಿಯ ಕ್ಯಾಂಗುಲಿ ಶಾಲೆಯ ವಸತಿಗೆ ಬೆಂಕಿ ಬಿದ್ದು 67 ಹುಡುಗರು ಸತ್ತರು. ಎರಡು ಬಾಗಿಲಲ್ಲಿ ಒಂದಕ್ಕೆ ಬೀಗ ಹಾಕಿತ್ತು, ಕಿಟಕಿಗೆ ಸರಳಿದ್ದವು. 2024ರ ಸೆಪ್ಟೆಂಬರ್‌ನಲ್ಲಿ ನ್ಯೇರಿಯ ಎಂಡರಾಶಾ ಶಾಲೆಯಲ್ಲಿ 21 ಮಕ್ಕಳು ಹೋದರು. ಕೀನ್ಯಾ ಸರ್ಕಾರ 2008ರಲ್ಲಿ ಹೊರಡಿಸಿದ ಶಾಲಾ ಸುರಕ್ಷತಾ ಕೈಪಿಡಿಯ ಅಳತೆಗಳು ಸ್ಪಷ್ಟವಾಗಿವೆ. ಮಂಚ ಮಂಚದ ನಡುವೆ 1.2 ಮೀಟರ್, ನಡೆಯುವ ದಾರಿ 2 ಮೀಟರ್, ಬಾಗಿಲು ಕನಿಷ್ಠ 5 ಅಡಿ ಅಗಲ ಮತ್ತು ಹೊರಕ್ಕೆ ತೆರೆಯುವಂಥದ್ದು, ಕಿಟಕಿಗೆ ಸರಳಿಲ್ಲ, ಮಕ್ಕಳು ಒಳಗಿರುವಾಗ ಹೊರಗಿನಿಂದ ಬೀಗ ಇಲ್ಲ. ಮಲಾವಿಯಲ್ಲೂ ಇದನ್ನೇ ಹಿಡಿಯಿರಿ.

ಒಂದು ಕೋಣೆಗೆ ನಾಲ್ಕು ಎರಡಂತಸ್ತಿನ ಮಂಚ, ಎಂಟು ಹುಡುಗಿಯರು. ಮಂಚ 2 ಮೀಟರ್ ಉದ್ದ, 90 ಸೆಂ.ಮೀ. ಅಗಲ. ಎಡಗೋಡೆಗೆ ತಲೆಯಿಟ್ಟು ಎರಡು, ಬಲಗೋಡೆಗೆ ಎರಡು. ಉದ್ದಕ್ಕೆ 2 + 2 + 2, ಅಂದರೆ ನಡುವೆ ದಾರಿ ಸೇರಿ 6 ಮೀಟರ್. ಅಗಲಕ್ಕೆ 0.9 + 1.2 + 0.9, ಅಂದರೆ 3 ಮೀಟರ್. ಟ್ರಂಕು ಇಡಲು ಇನ್ನೊಂದು ಮೀಟರ್ ಸೇರಿಸಿದರೆ ಕೋಣೆ 6 × 4. ನಡುದಾರಿಯ ಮುಂಭಾಗದ ತುದಿಗೆ ಜಗಲಿಯ ಬಾಗಿಲು, ಹಿಂಭಾಗದ ತುದಿಗೆ ಇನ್ನೊಂದು. ಎರಡೂ 1.5 ಮೀಟರ್ ಅಗಲದ ಜೋಡಿ ಕದ. ಹೀಗೆ ಮಾಡಿದರೆ ಯಾವ ಮಂಚದಿಂದಲೂ ಬಾಗಿಲು ನಾಲ್ಕು ಹೆಜ್ಜೆ.

ಇಂಥ ಐದು ಕೋಣೆ ಒಂದೇ ಸಾಲಿನಲ್ಲಿ. ಮೇಟ್ರನ್‌ಗೆ 3 × 4ರ ಕೋಣೆ. ಅದನ್ನು ತುದಿಗೆ ಹಾಕುವುದು ರೂಢಿ, ಆದರೆ ಅದು ತಪ್ಪು. ಆಚೆ ತುದಿಯ ಕೋಣೆಯಲ್ಲಿ ಮಗು ಜ್ವರದಲ್ಲಿ ನರಳಿದರೆ 30 ಮೀಟರ್ ದೂರಕ್ಕೆ ಕೇಳುವುದಿಲ್ಲ. ಎರಡು ಕೋಣೆ ಆಚೆ, ಮೂರು ಈಚೆ ಬಿಟ್ಟು ನಡುವೆ ಇಡಿ.

ಕಿಟಕಿಗೆ ಸರಳು ಬೇಡ ಅಂದ ಕೂಡಲೇ ಊರವರು ಒಪ್ಪುವುದಿಲ್ಲ. ಕಳ್ಳರು, ಕುಡುಕರು, ಹುಡುಗರು ಎಲ್ಲರ ಭಯವೂ ನಿಜವೇ. ಉತ್ತರ ಕೋಣೆಯ ಬಾಗಿಲಲ್ಲಿಲ್ಲ, ಬೇಲಿಯಲ್ಲಿದೆ. ಕಟ್ಟಡದ ಸುತ್ತ 2 ಮೀಟರ್ ಎತ್ತರದ ಬೇಲಿ ಅಥವಾ ಗೋಡೆ ಹಾಕಿ, ಎದುರುಬದುರು ಎರಡು ಗೇಟ್ ಇಡಿ, ಬೀಗ ಅಲ್ಲಿರಲಿ. ಬೇಲಿಗೂ ಕಟ್ಟಡಕ್ಕೂ ನಡುವೆ ಕನಿಷ್ಠ 10 ಮೀಟರ್ ಬಯಲು ಬಿಡಿ. ಬೆಂಕಿ ಬಿದ್ದರೆ ಹುಡುಗಿಯರು ಬೇಲಿಯೊಳಗೇ ಸುರಕ್ಷಿತವಾಗಿ ನಿಲ್ಲಬಹುದು. ಕೋಣೆಯ ಕದಕ್ಕೆ ಒಳಗಿನಿಂದ ಕೈಯಲ್ಲಿ ಎಳೆದರೆ ಬಿಚ್ಚುವ ಅಗುಳಿ ಮಾತ್ರ. ಹೊರಗೆ ಬೀಗ ಸಿಕ್ಕಿಸುವ ಕೊಂಡಿಯನ್ನು ವೆಲ್ಡರ್ ಕೇಳದೆಯೇ ಹಾಕಿಬಿಡುತ್ತಾನೆ. ಕದ ಬಂದ ದಿನವೇ ನೋಡಿ ಕತ್ತರಿಸಿ ಹಾಕಿಸಿ.

ಬೇಲಿಗೆ ಬಜೆಟ್‌ನಲ್ಲಿ ದುಡ್ಡು ಉಳಿಯದೇ ಹೋಗುವುದು ಸಾಮಾನ್ಯ. ಹಾಗಾದರೆ ಒಂದು ಕೋಣೆ ಕಡಿಮೆ ಕಟ್ಟಿ. ಬೇಲಿ ಇಲ್ಲದ ಕಡೆ ಮೇಟ್ರನ್ ಭಯಕ್ಕೆ ಬಿದ್ದು ಕೋಣೆಗೇ ಬೀಗ ಹಾಕುತ್ತಾಳೆ, ಆಕೆಯ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಾರೆ.

ಇಟ್ಟಿಗೆ

ಮಲಾವಿಯಲ್ಲಿ ಎಲ್ಲೆಲ್ಲೂ ಸುಟ್ಟ ಇಟ್ಟಿಗೆ. ಊರೇ ಅಚ್ಚು ಹಾಕಿ, ಮರ ಕಡಿದು ಗೂಡು ಸುಡುತ್ತದೆ. ಕಾಡು ಬೋಳಾಗಿರುವ ಸೀಮೆಯಲ್ಲಿ ಹಾಸ್ಟೆಲಿಗಾಗಿ ಇನ್ನೊಂದು ಗೂಡು ಸುಡುವುದು ಸರಿಯಲ್ಲ. ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಇದಕ್ಕೆ ಒಳ್ಳೆಯ ಬದಲಿ. ಇದರಲ್ಲಿ ಬೆಂಗಳೂರಿನವರ ಕೈ ಪಳಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಇದನ್ನೇ ವರ್ಷಗಟ್ಟಲೆ ತಿದ್ದಿ ತೀಡಿತು. 'ಮರ್ದಿನಿ' ಎಂಬ ಕೈಯಂತ್ರ ಬಂದದ್ದೂ ಆ ಕೆಲಸದಿಂದಲೇ. ಮಲಾವಿಯ ಕೆಮ್ಮಣ್ಣು ನಮ್ಮ ಕೋಲಾರ, ತುಮಕೂರಿನ ಕಡೆಯದನ್ನು ಹೋಲುತ್ತದೆ. ಹೊರಡುವ ಮೊದಲು ಬೆಂಗಳೂರಿನಲ್ಲಿ ಒಂದು ವಾರ ಕೈ ಕೆಸರು ಮಾಡಿಕೊಂಡರೆ ಅಲ್ಲಿ ತಿಂಗಳು ಉಳಿಯುತ್ತದೆ. ಯಂತ್ರ ಮಾತ್ರ ಹತ್ತಿರದಲ್ಲಿ ಬಿಡಿಭಾಗ ಸಿಗುವಂಥದ್ದಿರಲಿ. ಕೀನ್ಯಾದ ಮಕಿಗಾ ಕೈಯಂತ್ರ ಪೂರ್ವ ಆಫ್ರಿಕದಲ್ಲಿ ಬಳಕೆಯಲ್ಲಿದೆ.

ಮಣ್ಣು ಆರಿಸುವುದು ಹೀಗೆ. ಮೇಲಿನ ಅರ್ಧ ಮೀಟರ್ ಬೇರು-ಗೊಬ್ಬರದ ಮಣ್ಣು ತೆಗೆದುಹಾಕಿ, ಕೆಳಗಿನದನ್ನು ತೆಗೆಯಿರಿ. ಗಾಜಿನ ಸೀಸೆಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಮರಳು ತಳದಲ್ಲಿ, ನುಣುಪು ಜೇಡಿ ಮೇಲೆ ಕೂರುತ್ತದೆ. ಮರಳು ಮೂರನೇ ಎರಡು ಭಾಗ, ಜೇಡಿ ನೂರಕ್ಕೆ 10ರಿಂದ 15 ಇದ್ದರೆ ಅದೃಷ್ಟ. ಜೇಡಿ ಜಾಸ್ತಿಯಾದರೆ ಹೊಳೆ ಮರಳು ಬೆರೆಸಬೇಕು. ತಗ್ಗಿನ ಜೌಗು ಬಯಲಿನ ಕಪ್ಪು ಮಣ್ಣನ್ನು ಮುಟ್ಟಲೇಬೇಡಿ. ಅದು ನಮ್ಮ ಎರೆಮಣ್ಣಿನ ಜಾತಿಯದು: ನೆನೆದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಅದರ ಮೇಲೆ ಪಾಯವೂ ಬೇಡ.

5 ಮಿ.ಮೀ. ಜರಡಿಯಲ್ಲಿ ಮಣ್ಣು ಸೋಸಿ. ಸಿಮೆಂಟ್ ತೂಕದಲ್ಲಿ ಶೇ. 7. ಮೊದಲು ಒಣಗಿದ್ದಾಗಲೇ ಬಣ್ಣ ಒಂದಾಗುವವರೆಗೆ ಬೆರೆಸಿ, ಆಮೇಲೆ ನೀರು ಚಿಮುಕಿಸಿ. ನೀರು ಹದವಾಯಿತೇ ಎಂದು ತಿಳಿಯಲು ಒಂದು ಮುಷ್ಟಿ ಮಣ್ಣನ್ನು ಅಮುಕಿ ಉಂಡೆ ಮಾಡಿ, ಎದೆಯ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ. ಪುಡಿಪುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ಒಂದೇ ತುಂಡು ಉಳಿದರೆ ನೀರು ಹೆಚ್ಚಾಗಿದೆ. ದಿನದಲ್ಲಿ ಪ್ರತಿ ಕಲಸಿಗೂ ಈ ಪರೀಕ್ಷೆ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಹದ ಕೈಜಾರುತ್ತದೆ.

230 × 190 × 100 ಮಿ.ಮೀ. ಇಟ್ಟಿಗೆ ಒಣಗಿದಾಗ ಸುಮಾರು 8 ಕಿಲೋ ತೂಗುತ್ತದೆ. ಪ್ರತಿ ಇಟ್ಟಿಗೆಗೂ ಹಸಿ ಮಣ್ಣನ್ನು ತೂಗಿಯೇ ಅಚ್ಚಿಗೆ ಸುರಿಯಬೇಕು. ಅಂದಾಜಿನ ಬಾಂಡ್ಲಿ ಲೆಕ್ಕ ಮೊದಲ ದಿನ ಸರಿ ಇರುತ್ತದೆ, ಮೂರನೆಯ ದಿನಕ್ಕೆ ಬಾಂಡ್ಲಿ ಹಗುರವಾಗುತ್ತದೆ, ಸನ್ನೆ ಒತ್ತುವವರಿಗೆ ಅದು ಆರಾಮ ನೋಡಿ. ಹಗುರ ಇಟ್ಟಿಗೆ ನೋಡಲು ಹಾಗೇ ಇರುತ್ತದೆ, ಮಳೆ ಬಂದಾಗ ಮೂಲೆ ಕರಗುತ್ತದೆ. ನೀರು ಹಾಕಿದ ಕಲಸು ಮುಕ್ಕಾಲು ಗಂಟೆಯೊಳಗೆ ಮುಗಿಯಬೇಕು, ಊಟಕ್ಕೆ ಹೋಗಿ ಬಂದು ಮುಂದುವರಿಸುವಂತಿಲ್ಲ.

ಒತ್ತಿದ ಇಟ್ಟಿಗೆಯನ್ನು ನೆರಳಲ್ಲಿ ಜೋಡಿಸಿ, ಮರುದಿನದಿಂದ ಮೂರು ವಾರ ಹುಲ್ಲು ಅಥವಾ ಪ್ಲಾಸ್ಟಿಕ್ ಹೊದಿಸಿ ನೀರು ಚಿಮುಕಿಸಿ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ. ನೀರು ತರಬೇಕಾದ್ದು ಹೆಂಗಸರು, ದೂರದ ಕೈಪಂಪಿನಿಂದ. ಹತ್ತು ದಿನಕ್ಕೆ ಸಾಕು ಅನ್ನಿಸುವುದು ಸಹಜ. ಬೋರ್‌ವೆಲ್ ಮೊದಲು, ಇಟ್ಟಿಗೆ ಆಮೇಲೆ ಎಂದು ಕ್ರಮ ಹಾಕಿಕೊಂಡರೆ ಈ ಜಗಳವೇ ಇಲ್ಲ. 28 ದಿನದ ಮೇಲೆ ಒಂದೆರಡನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಎರಡು ಕಲ್ಲಿನ ಮೇಲೆ ಸೇತುವೆಯಂತೆ ಇಟ್ಟು, ದೊಡ್ಡವರೊಬ್ಬರು ಹತ್ತಿ ನಿಲ್ಲಲಿ. ಮುರಿದರೆ ಆ ದಿನದ ರಾಶಿಯನ್ನೆಲ್ಲ ಪಕ್ಕಕ್ಕಿಡಿ. ಒತ್ತಿದ ದಿನಾಂಕವನ್ನು ರಾಶಿಯ ಮೇಲೆ ಸುಣ್ಣದಲ್ಲಿ ಬರೆದಿದ್ದರೆ ಮಾತ್ರ ಇದು ಸಾಧ್ಯ. ಪ್ರಯೋಗಾಲಯ ಸಿಕ್ಕರೆ ನೆನೆದ ಇಟ್ಟಿಗೆ ಚದರ ಮಿಲಿಮೀಟರಿಗೆ 3 ನ್ಯೂಟನ್ ತಡೆಯಬೇಕು ಎಂದು ಹೇಳಿ.

ಲೆಕ್ಕ: ಗೋಡೆ ಸುಮಾರು 96 ಮೀಟರ್ ಉದ್ದ, 2.8 ಎತ್ತರ. ಬಾಗಿಲು, ಕಿಟಕಿ ಕಳೆದು 220 ಚದರ ಮೀಟರ್. ಚದರ ಮೀಟರಿಗೆ 38 ಇಟ್ಟಿಗೆ. ಒಡೆದದ್ದು, ಸೂರಿನ ತ್ರಿಕೋನ ಗೋಡೆ ಎಲ್ಲ ಸೇರಿ 9,500. ಒಂದು ಮೂಟೆ ಸಿಮೆಂಟಿಗೆ 90 ಇಟ್ಟಿಗೆ ಬರುತ್ತದೆ. ಏಳೆಂಟು ಜನ ದಿನಕ್ಕೆ 400 ಒತ್ತಿದರೆ 24 ದಿನ.

ಪಾಯ, ಗೋಡೆ, ಸೂರು

ಪಾಯದ ಗುಂಡಿ 60 ಸೆಂ.ಮೀ. ಅಗಲ, ಗಟ್ಟಿ ನೆಲ ಸಿಗುವವರೆಗೆ ಆಳ. ತಳಕ್ಕೆ 20 ಸೆಂ.ಮೀ. ಕಾಂಕ್ರೀಟು, ಸಿಮೆಂಟ್, ಮರಳು, ಜಲ್ಲಿ 1:3:6ರಂತೆ. ಅದರ ಮೇಲೆ ಕಲ್ಲಿನ ಕಟ್ಟು, ನೆಲಮಟ್ಟದಿಂದ 45 ಸೆಂ.ಮೀ. ಮೇಲಕ್ಕೆ. ಮಣ್ಣಿನ ಇಟ್ಟಿಗೆ ಅಲ್ಲಿಂದ ಮೇಲೆಯೇ ಶುರುವಾಗಬೇಕು. ನಡುವೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ಇಲ್ಲದಿದ್ದರೆ ತೇವ ಏರುತ್ತದೆ. ಗೋಡೆಯ ಹೊರಗೆ ಸುತ್ತಲೂ ಒಂದು ಮೀಟರ್ ಅಗಲ ಇಳಿಜಾರಿನ ಸಿಮೆಂಟ್ ಪಟ್ಟಿ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯ ಮೇಲೆ ದಿನಗಟ್ಟಲೆ ಸುರಿದಾಗ ಮಣ್ಣಿನ ಗೋಡೆಗಳು ಕುಸಿದು ಬಿದ್ದವು. ಬುಡ ನೆನೆಯದಂತೆ ನೋಡಿಕೊಂಡರೆ ಗೋಡೆಗೆ ಬಹಳ ವರ್ಷ ಆಯುಸ್ಸಿದೆ.

ಮಲಾವಿ ಪೂರ್ವ ಆಫ್ರಿಕದ ಬಿರುಕು ಕಣಿವೆಯ, ಅಂದರೆ ನೆಲ ಸೀಳಿಕೊಳ್ಳುತ್ತಿರುವ ಪಟ್ಟಿಯ ಮೇಲೆ ಕೂತ ದೇಶ. 2009ರ ಡಿಸೆಂಬರ್‌ನಲ್ಲಿ ಉತ್ತರದ ಕರೋಂಗದಲ್ಲಿ ಸರಣಿ ಭೂಕಂಪವಾಯಿತು. ಬಾಗಿಲು ಕಿಟಕಿಗಳ ತಲೆಯ ಮೇಲೆ ಎಲ್ಲ ಗೋಡೆಗಳನ್ನೂ ಸುತ್ತುವ 15 ಸೆಂ.ಮೀ. ಎತ್ತರದ ರಿಂಗ್ ಬೀಮ್ ಹಾಕಿ: 10 ಮಿ.ಮೀ. ಸರಳು ನಾಲ್ಕು, 20 ಸೆಂ.ಮೀ.ಗೊಂದು 6 ಮಿ.ಮೀ. ರಿಂಗು. ಮೂಲೆಯಲ್ಲಿ ಸರಳನ್ನು ತುಂಡರಿಸಿ ಬಿಡದೆ ಬಗ್ಗಿಸಿ ಆಚೆ ಗೋಡೆಗೆ ಅರ್ಧ ಮೀಟರ್ ಒಯ್ಯಬೇಕು. ಕಾಂಕ್ರೀಟ್ ಸುರಿಯುವ ಮೊದಲು ಈ ಮೂಲೆಗಳ ಫೋಟೋ ತರಿಸಿಕೊಳ್ಳಿ. ದೂರದಿಂದ ಉಸ್ತುವಾರಿ ಮಾಡುವವರಿಗೆ ಮುಗಿದ ಕಟ್ಟಡದ ಚಂದದ ಫೋಟೋಗಿಂತ ಮುಚ್ಚಿಹೋಗುವ ಭಾಗದ ಫೋಟೋ ಮುಖ್ಯ.

ಸಿಮೆಂಟಿನ ಪೂರ್ತಿ ಲೆಕ್ಕ (50 ಕಿಲೋ ಮೂಟೆ): ಇಟ್ಟಿಗೆಗೆ 105, ಪಾಯಕ್ಕೆ 50, ಕಲ್ಲು ಕಟ್ಟಿಗೆ 30, ಗೋಡೆಯ ಗಾರೆಗೆ 40, ಬೀಮಿಗೆ 20, ನೆಲ ಮತ್ತು ಜಗಲಿಗೆ 85, ಹೊರಪಟ್ಟಿ ಮತ್ತು ಚೆಲ್ಲಾಪಿಲ್ಲಿಗೆ 20. ಒಟ್ಟು 350. ಹತ್ತು ಟನ್ ಲಾರಿಯಲ್ಲಿ ಎರಡು ಲೋಡ್. ಆದರೆ ಎರಡನ್ನೂ ಒಟ್ಟಿಗೆ ತರಿಸಬೇಡಿ.

ತಗಡಿನಲ್ಲಿ ಗೇಜ್ ಅಂಕಿ ಏರಿದಷ್ಟೂ ತೆಳು. 32 ಗೇಜಿನದು ಅಗ್ಗ, ಬಿರುಗಾಳಿಗೆ ಮೊಳೆಯ ಸುತ್ತ ಹರಿದು ಹಾರುತ್ತದೆ. 28 ಗೇಜ್ ಕೊಳ್ಳಿ, ಜಗಲಿ ಸೇರಿ ಸುಮಾರು 270 ಚದರ ಮೀಟರ್ ಬೇಕು. ಅಂಗಡಿಯಲ್ಲಿ 28 ಎಂದು ಬರೆದದ್ದನ್ನು ನಂಬದೆ ಕ್ಯಾಲಿಪರ್ ಹಿಡಿದು ಅಳೆಯಿರಿ, 0.4 ಮಿ.ಮೀ. ಹತ್ತಿರ ಬರಬೇಕು. ಜಂತಿಯನ್ನು ಗೋಡೆಗೆ ಕಟ್ಟುವ ಕಬ್ಬಿಣದ ಪಟ್ಟಿ ರಿಂಗ್ ಬೀಮಿನ ಸರಳಿನ ಕೆಳಗಿಂದ ಬಂದಿರಬೇಕು. ಮೇಲಿನ ಸಾಲಿಗೆ ಮೊಳೆ ಹೊಡೆದರೆ ಗಾಳಿ ಸೂರಿನ ಜೊತೆ ಆ ಸಾಲನ್ನೂ ಎತ್ತುತ್ತದೆ. ಜಗಲಿಯ ಮಾಡು ಬೇರೆಯೇ ಇರಲಿ. ಅದು ಹಾರಿದರೂ ಮಕ್ಕಳ ತಲೆಯ ಮೇಲಿನದು ಉಳಿಯುತ್ತದೆ. ಮರಕ್ಕೆಲ್ಲ ಗೆದ್ದಲು ಔಷಧಿ ಆಗಿರಬೇಕು. ಅಲ್ಲಿನ ಗೆದ್ದಲು ನಮ್ಮದಕ್ಕಿಂತ ಒಂದು ಕೈ ಮೇಲು.

ಮಂಚವನ್ನು ಊರ ವೆಲ್ಡರ್‌ನಿಂದಲೇ ಮಾಡಿಸಿ, ಒಂದೂವರೆ ಇಂಚಿನ ಚೌಕ ಪೈಪಿನಲ್ಲಿ. ಮರದ ಮಂಚದ ಸಂದಿಯಲ್ಲಿ ತಿಗಣೆ ಸೇರಿದರೆ ಹೊರಡುವುದಿಲ್ಲ. ಮೇಲಂತಸ್ತಿಗೆ ತಡೆ, ಎರಡೂ ಅಂತಸ್ತಿಗೆ ಸೊಳ್ಳೆಪರದೆ ಕಟ್ಟುವ ಕೊಕ್ಕೆ ಮೊದಲೇ ಇರಲಿ. ಮಲೇರಿಯಾದ ನಾಡು ಅದು.

ನೀರು, ಕಕ್ಕಸು

ಬೋರ್‌ವೆಲ್ ಕೊರೆಸುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಅಂತರ್ಜಲ ತಳ ಕಂಡಾಗ. ಮಾರ್ಚ್‌ನಲ್ಲಿ ಕೊರೆದರೆ ನೀರು ಉಕ್ಕುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಅಕ್ಟೋಬರ್‌ಗೆ ಬರಡು. ಇಟ್ಟಿಗೆಗೆ ನೀರು ಬೇಕಾದ್ದರಿಂದ ಕಟ್ಟಡದ ಹಿಂದಿನ ವರ್ಷವೇ ಇದನ್ನು ಮುಗಿಸಿ. ಗುತ್ತಿಗೆಯಲ್ಲಿ 'ನೀರು ಬಂದರೆ ಮಾತ್ರ ಹಣ' ಎಂಬ ಸಾಲಿರಲಿ. ಶೀರೆ ಕಣಿವೆಯ ತಗ್ಗಿನಲ್ಲಿ ನೀರು ಉಪ್ಪಾಗುವುದುಂಟು, ಕೆಲವು ಕಡೆ ಫ್ಲೋರೈಡ್ ಇದೆ. ಪಾವಗಡದವರಿಗೆ ಇದನ್ನು ವಿವರಿಸಬೇಕಿಲ್ಲ. ಪರೀಕ್ಷೆ ಮಾಡಿಸಿಯೇ ಕೊನೆಯ ಕಂತು ಕೊಡಿ. ಪಂಪು ಆಫ್ರಿದೇವ್ ಆಗಿರಲಿ. ಊರಲ್ಲೆಲ್ಲ ಅದೇ ಇರುವುದರಿಂದ ಸೀಲು, ಬುಷ್ ಹತ್ತಿರದ ಪೇಟೆಯಲ್ಲಿ ಸಿಗುತ್ತವೆ. ಅದರ ಸೀಲುಗಳನ್ನು ಊರಿನ ಹೆಂಗಸರೇ ಬಿಚ್ಚಿ ಬದಲಿಸಬಲ್ಲರು.

ಕಕ್ಕಸು 20 ಮಂದಿಗೊಂದು ಎಂಬುದು ಕನಿಷ್ಠ. ಬೆಳಿಗ್ಗೆ ಒಂದೇ ಹೊತ್ತಿಗೆ ಎಲ್ಲರೂ ಹೊರಡುವ ಹಾಸ್ಟೆಲಿಗೆ ಅದು ಸಾಲದು. 40ಕ್ಕೆ ಮೂರು, ಮೇಟ್ರನ್‌ಗೆ ಒಂದು, ಸ್ನಾನದ ಗೂಡು ನಾಲ್ಕು. ಎಲ್ಲ ಬೇಲಿಯೊಳಗೆ, ಬೋರ್‌ವೆಲ್‌ನಿಂದ 30 ಮೀಟರ್ ಆಚೆ, ಗುಂಡಿಯ ತಳ ಮಳೆಗಾಲದ ನೀರಿನ ಮಟ್ಟಕ್ಕಿಂತ ಒಂದೂವರೆ ಮೀಟರ್ ಮೇಲೆ. ಒಬ್ಬರಿಗೆ ವರ್ಷಕ್ಕೆ 0.05 ಘನ ಮೀಟರ್ ಗುಂಡಿ ಬೇಕು. ಮರಳು ನೆಲದಲ್ಲಿ ಒಳಗೋಡೆ ಕಟ್ಟದ ಗುಂಡಿ ಮೊದಲ ಮಳೆಗೇ ಕುಸಿಯುತ್ತದೆ. ಗಾಳಿ ಕೊಳವೆ 15 ಸೆಂ.ಮೀ. ಅಗಲ, ಸೂರಿಗಿಂತ ಅರ್ಧ ಮೀಟರ್ ಎತ್ತರ, ತುದಿಗೆ ನೊಣದ ಜಾಲರಿ. ಒಂದು ಸ್ನಾನದ ಗೂಡಿನಲ್ಲಿ ಮುಟ್ಟಿನ ಬಟ್ಟೆ ಒಗೆಯಲು ಕಲ್ಲು, ಒಳಗೇ ಬಿಸಿಲು ಬೀಳುವ ಕಡೆ ಒಣಹಾಕುವ ತಂತಿ. ಇದನ್ನು ಮರೆತ ಹಾಸ್ಟೆಲ್‌ಗಳಲ್ಲಿ ಹುಡುಗಿಯರು ಒದ್ದೆ ಬಟ್ಟೆಯನ್ನು ಹಾಸಿಗೆ ಕೆಳಗೆ ಒಣಗಿಸುತ್ತಾರೆ.

ದೀಪ ಮತ್ತು ಒಲೆ

ದೀಪ ಕೊಡದಿದ್ದರೆ ಮೇಣದಬತ್ತಿ ಬರುತ್ತದೆ. ಮೇಣದಬತ್ತಿ, ಸೊಳ್ಳೆಪರದೆ, ಫೋಮ್ ಹಾಸಿಗೆ ಮೂರೂ ಒಂದೇ ಕೋಣೆಯಲ್ಲಿದ್ದರೆ ಏನಾಗುತ್ತದೆ ಎಂದು ಮೇಲೆ ನೋಡಿದ್ದೇವೆ. ಕೋಣೆಗೆ 7 ವ್ಯಾಟಿನ ಎರಡು ಎಲ್‌ಇಡಿ, ನಾಲ್ಕು ಗಂಟೆ: ಐದು ಕೋಣೆಗೆ ಒಟ್ಟು 280 ವ್ಯಾಟ್-ಗಂಟೆ. ಜಗಲಿ ಮತ್ತು ಕಕ್ಕಸಿನ ದಾರಿಗೆ 5 ವ್ಯಾಟಿನ ನಾಲ್ಕು, ರಾತ್ರಿಯಿಡೀ: 220. ಮೇಟ್ರನ್ ದೀಪ ಸೇರಿ 520. ಇದಕ್ಕೆ 250 ವ್ಯಾಟಿನ ಸೌರಫಲಕ, 12 ವೋಲ್ಟ್ 100 ಆಂಪ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಸಾಕು. ಮೋಡದ ದಿನಕ್ಕೆಂದು ಸುಮಾರು ಒಂದು ದಿನದ ಹೆಚ್ಚುವರಿ ಇರುತ್ತದೆ. ಲೆಡ್ ಆಸಿಡ್ ಆದರೆ ಎರಡರಷ್ಟು ದೊಡ್ಡದು ಬೇಕು. ಇನ್ವರ್ಟರ್ ಬೇಡವೇ ಬೇಡ, ಪ್ಲಗ್ ಇದ್ದಲ್ಲಿ ಇಸ್ತ್ರಿಪೆಟ್ಟಿಗೆ ಬರುತ್ತದೆ. ಬ್ಯಾಟರಿ ಮೇಟ್ರನ್ ಕೋಣೆಯಲ್ಲಿ, ನೆಲಕ್ಕೆ ಬೋಲ್ಟ್ ಹೊಡೆದ ಕಬ್ಬಿಣದ ಪೆಟ್ಟಿಗೆಯೊಳಗೆ. ಆಕೆ ಫೋನ್ ಚಾರ್ಜ್ ಮಾಡಿಕೊಟ್ಟು ನಾಲ್ಕು ಕಾಸು ಗಳಿಸಲು ಹೊರಟರೆ ಬ್ಯಾಟರಿ ಆರು ತಿಂಗಳಲ್ಲಿ ಸೊರಗುತ್ತದೆ. ಹೀಗಾಗಿ ಸಂಬಳ ಸರಿಯಾಗಿ ಕೊಡುವುದು ಬ್ಯಾಟರಿಯ ರಕ್ಷಣೆಯೂ ಹೌದು.

ಅಡುಗೆಮನೆ ಮಲಗುವ ಸಾಲಿನಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ ಕೆಳಗಾಳಿಗೆ. ಊಟ ನ್ಸಿಮ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ನಂಚಿಕೊಳ್ಳಲು ಸೊಪ್ಪು, ಬೀನ್ಸ್ ಅಥವಾ ಒಣಮೀನಿನ ನ್ಡಿವೊ. ಮುದ್ದೆ ತಿರುವಿದವರಿಗೆ 40 ಜನರ ನ್ಸಿಮ ಕೂಡಿಸಲು ಎಂಥ ರಟ್ಟೆ ಬೇಕೆಂದು ಗೊತ್ತು. ಮಡಕೆ ಅಲ್ಲಾಡದಂತೆ ಹುದುಗಿಸಿದ ರಾಕೆಟ್ ಒಲೆ ಕಟ್ಟಿಸಿ, ಸೌದೆಯೂ ಉಳಿಯುತ್ತದೆ. ಒಬ್ಬರಿಗೆ ದಿನಕ್ಕೆ 450 ಗ್ರಾಂ ಹಿಟ್ಟು ಹಿಡಿದರೆ 85 ದಿನದ ಅವಧಿಗೆ 50 ಕಿಲೋದ 31 ಚೀಲ. ಮೆಕ್ಕೆಜೋಳವನ್ನು ಮೇ-ಜೂನ್‌ನಲ್ಲಿ ಕೊಳ್ಳಿ. ಜನವರಿ-ಫೆಬ್ರವರಿಯ ಹಸಿವಿನ ತಿಂಗಳಲ್ಲಿ ಬೆಲೆ ಎಲ್ಲೋ ಹೋಗಿರುತ್ತದೆ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಒಳಪದರದ ಚೀಲದಲ್ಲಿ ಕಟ್ಟಿಡಿ. ಬರೀ ಗೋಣಿಯಲ್ಲಿಟ್ಟರೆ ಹುಳು ನಿಮಗಿಂತ ಮೊದಲು ಊಟ ಮುಗಿಸುತ್ತದೆ.

ಸ್ವಯಂಸೇವಕರು ಏನು ಮಾಡಬೇಕು

ಇಟ್ಟಿಗೆ ಇಡಬಾರದು. ವಿಮಾನದ ಟಿಕೆಟ್ ದುಡ್ಡಲ್ಲಿ ಊರ ಗಾರೆಯವನಿಗೆ ತಿಂಗಳುಗಟ್ಟಲೆ ಕೂಲಿ ಹುಟ್ಟುತ್ತದೆ, ಅವನ ಗೋಡೆ ನೇರವಾಗಿಯೂ ಇರುತ್ತದೆ. ಸ್ವಯಂಸೇವಕರಿಂದ ಬೇಕಾದ್ದು ಬೇರೆ: ನಕ್ಷೆ ನೋಡಬಲ್ಲ ಸಿವಿಲ್ ಎಂಜಿನಿಯರ್, ಪ್ರತಿ ತಿಂಗಳು ರಶೀದಿ ತಾಳೆ ನೋಡುವ ಅಕೌಂಟೆಂಟ್, ವಾರಕ್ಕೊಮ್ಮೆ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡುವ ಒಬ್ಬರು. ಆ ಮೂರನೆಯವರು ಪದೇ ಪದೇ ಬದಲಾಗಬಾರದು.

ಹಾಸ್ಟೆಲ್ ತೆರೆದ ಮೇಲೆ ಯಾವ ಸ್ವಯಂಸೇವಕರೂ, ದಾನಿಯೂ ಅಲ್ಲಿ ತಂಗಬಾರದು, ಮಲಗುವ ಕೋಣೆಗೆ ಹೋಗಬಾರದು, ಹುಡುಗಿಯರ ಮುಖ ಮತ್ತು ಹೆಸರು ಸೇರಿಸಿ ಫೋಟೋ ಹಾಕಬಾರದು. ಇದು ಶಾಲೆಯ ಗಂಡು ಮೇಷ್ಟ್ರುಗಳಿಗೂ ಅನ್ವಯ. ದೂರು ಹೇಳಲು ಮೇಟ್ರನ್ ಅಲ್ಲದ, ಮುಖ್ಯೋಪಾಧ್ಯಾಯರೂ ಅಲ್ಲದ ಮೂರನೆಯ ವ್ಯಕ್ತಿ ಬೇಕು. ಮದರ್ ಗ್ರೂಪಿನ ಒಬ್ಬ ಹಿರಿಯ ತಾಯಿ ಇದಕ್ಕೆ ಸರಿ. ಆಕೆಯ ಫೋನ್ ನಂಬರ್ ಪ್ರತಿ ಕೋಣೆಯ ಬಾಗಿಲ ಹಿಂದೆ ಬಣ್ಣದಲ್ಲಿ ಬರೆದಿರಲಿ.

ಬೇಲಿಯ ಗೇಟಿಗೆ ಮೂರು ಬೀಗದ ಕೈ. ಒಂದು ಮೇಟ್ರನ್ ಕೊರಳಲ್ಲಿ, ಒಂದು ರಾತ್ರಿ ಕಾವಲುಗಾರನ ಹತ್ತಿರ, ಇನ್ನೊಂದು ಜಗಲಿಯ ಕಂಬದ ಮೇಲೆ ಗಾಜಿನ ಮುಚ್ಚಳದ ಡಬ್ಬಿಯಲ್ಲಿ, ಪಕ್ಕದಲ್ಲಿ ದಾರ ಕಟ್ಟಿದ ಸುತ್ತಿಗೆ. ಗಾಜು ಒಡೆದದ್ದು ಕಂಡರೆ ಮಾರನೆಯ ದಿನವೇ ಹೊಸದು ಹಾಕಬೇಕು, ಒಡೆದವರನ್ನು ಬೈಯಬಾರದು. ಪ್ರತಿ ಅವಧಿಯ ಮೊದಲ ವಾರ, ಎಲ್ಲರೂ ಮಲಗಿದ ಮೇಲೆ, ದೀಪವಿಲ್ಲದೆ ಒಂದು ಅಭ್ಯಾಸ. ಮೇಟ್ರನ್ ತಗಡು ಬಡಿಯುತ್ತಾಳೆ, ಹುಡುಗಿಯರು ಹತ್ತಿರದ ಬಾಗಿಲಿಂದ ಬಯಲಿಗೆ ಬಂದು ಕೋಣೆವಾರು ಸಾಲು ನಿಲ್ಲುತ್ತಾರೆ, ಪ್ರತಿ ಸಾಲಿನಲ್ಲೂ ಒಬ್ಬಳು ತಲೆ ಎಣಿಸುತ್ತಾಳೆ. ಎರಡು ನಿಮಿಷ ಮೀರಿದರೆ ಯಾವ ಕೋಣೆ ತಡವಾಯಿತೋ ಅಲ್ಲಿಗೆ ಟಾರ್ಚ್ ಹಿಡಿದು ಹೋಗಿ ನೋಡಿ. ಬಹಳ ಸಲ ಹಿಂಬಾಗಿಲಿಗೆ ಯಾರೋ ಟ್ರಂಕು ಒತ್ತರಿಸಿರುತ್ತಾರೆ.